ಕಾಶವ್ವ ಬಿಟ್ಟ ಗಿರಾಕಿಗಳು

ಪುಣೆಯ ಸ್ವಾರಗೇಟಿನ ಹಿಂದಿನ ಓಣಿಯಲ್ಲಿ ಕಾಶವ್ವನ ರೊಟ್ಟಿ ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಿಲ್ಲ. ಬೆಳಗಿನ ಐದಕ್ಕೇ ಕಾಶವ್ವ ಸೇರಿ ನಾಲ್ವರು ಹೆಂಗಸರು ಜೋಳದ ರೊಟ್ಟಿ ಬಡಿಯುವ ಸದ್ದು ಬಸ್ಸಿನ ಹಾರ್ನನ್ನೂ ಮೀರಿಸುತ್ತದೆ. ಇಂಡಿ ಕಡೆಯಿಂದ ಬಂದ ಕಾಶವ್ವನನ್ನು ಇಪ್ಪತ್ತು ವರ್ಷದಿಂದ ಈ ಊರೇ ಸಾಕಿದೆ. ಗಿರಾಕಿಗಳೂ ಒಂದೇ ಥರದವರಲ್ಲ. ಮಾರ್ಕೆಟ್ ಯಾರ್ಡಿನ ಹಮಾಲರಿಗೆ ದಪ್ಪ ರೊಟ್ಟಿ ಬೇಕು, ರಾಂಜಣಗಾಂವದ ಕಾರ್ಖಾನೆಯವರಿಗೆ ಮೆತ್ತನೆಯದು, ಹಿಂಜವಡಿಯ ಕಂಪ್ಯೂಟರ್ ಆಫೀಸಿನ ಹುಡುಗಿಯರಿಗೆ ಹಪ್ಪಳದಂಥ ಖಡಕ್ ರೊಟ್ಟಿ.

"ಪುಣೆ ಹೆಂಗ ನಡದದ ಅಂತ ಪೇಪರ್ ಯಾಕ ಓದ್ತೀರಿ? ನನ್ನ ಬುಟ್ಟಿ ನೋಡ್ರಿ, ಸಾಕು," ಎನ್ನುವಳು. ಜಂಬದಲ್ಲಿ ಅವಳು ಯಾರಿಗೂ ಕಮ್ಮಿಯಿಲ್ಲ.

ಹೋದ ವರ್ಷ ಆ ಜಂಬವೇ ಅವಳನ್ನು ಕೆಡಿಸಿತು. ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸುವ ಮಧುಕರ್ ಬಂದು, ಎಷ್ಟು ಮಾಡಿದರೂ ಅಷ್ಟೂ ನನಗೇ ಕೊಡಿ ಎಂದ. ಕಾಶವ್ವ ಹಿಗ್ಗಿ ಹೀರೇಕಾಯಿಯಾದಳು. ಮಿಕ್ಕವರನ್ನೆಲ್ಲ ಒಂದೇ ಮಾತಿಗೆ ಬಿಟ್ಟಳು. ಹಿಂಜವಡಿಯ ಆಫೀಸಿನ ಹುಡುಗಿ ಸಿಂಧೂರ ಫೋನ್ ಮಾಡಿ, "ಆಂಟಿ, ವಾರಕ್ಕೊಂದ್ಸಲನಾದ್ರೂ ಕಳ್ಸಿ, ಪ್ಲೀಸ್," ಎಂದು ಗೋಗರೆದರೂ ಕರಗಲಿಲ್ಲ.

ಐದನೇ ತಿಂಗಳಿಗೆ ಕಾರ್ಖಾನೆಗೆ ಆರ್ಡರ್ ಕಮ್ಮಿಯಾಗಿ ಮೂರು ಪಾಳಿ ಹೋಗಿ ಒಂದಾಯಿತು. ಕಾಲು ಭಾಗ ರೊಟ್ಟಿ ಸಾಕೆಂದ ಮಧುಕರ್. ಅಷ್ಟಕ್ಕೆ ಕಾಶವ್ವನೊಬ್ಬಳ ಕೈಯೇ ಸಾಕು. ಹಳೆಯ ಗಿರಾಕಿಗಳ ಹತ್ತಿರ ಯಾವ ಮುಖ ಇಟ್ಟುಕೊಂಡು ಹೋಗುವುದು? ಜೊತೆಗೆ ದುಡಿಯುವ ಮೂವರನ್ನೂ ಕೆಲಸ ಬಿಡಿಸುವುದೇ ಸೈ ಎಂದುಕೊಂಡಳು. ಮೊದಲು ಸಾಬವ್ವನಿಗೆ ಹೇಳಬೇಕು. ಅವಳು ಹನ್ನೊಂದು ವರ್ಷದಿಂದ ಪಕ್ಕದ ಒಲೆಗೆ ಕೂತವಳು, ಗಂಡನಿಲ್ಲದೆ ಎರಡು ಹೆಣ್ಣುಮಕ್ಕಳನ್ನು ಸಾಕುವವಳು. ಎರಡು ದಿನ ಕಾಶವ್ವ, ನಾಳೆ ಹೇಳಿದರಾಯಿತು ಎಂದು ಮುಂದೂಡಿದಳು.

ಮೂರನೇ ದಿನ, "ಸಾಬವ್ವಾ, ನಾಳಿಂದ..." ಎನ್ನುವಷ್ಟರಲ್ಲಿ ಸಾಬವ್ವನೇ ಹಿಟ್ಟಿನ ಕೈ ಒರೆಸಿಕೊಂಡಳು.

"ಅಕ್ಕಾರ, ನಾಳಿಂದ ಯಾರ್ಡಿನ ಹಮಾಲರಿಗೆ ಐನೂರು ರೊಟ್ಟಿ ಬೇಕಂತ್ರಿ. ಹೂಂ ಅಂದು ಬಂದೀನಿ."

"ನನ್ನ ಹೆಸರು ತಗದ್ರ ಅವ್ರು ಉಗೀತಾರ!"

"ಇಲ್ರಿ. ನಾ ದಿನಾ ಹೋಗ್ತಿದ್ದೆ."

ಆಮೇಲೆ ತಿಳಿಯಿತು. ರೊಟ್ಟಿ ಮನೆಯಲ್ಲಿ ದುಡಿಯುವ ಹೆಂಗಸರಿಗೆ, ಮನೆಗೆ ಹೋಗುವಾಗ ಹತ್ತು ಹತ್ತು ರೊಟ್ಟಿ ಕಟ್ಟಿಕೊಡುವುದು ವಾಡಿಕೆ. ಸಾಬವ್ವ ಐದು ತಿಂಗಳೂ ಆ ಗಂಟು ಬಿಚ್ಚದೆ ಯಾರ್ಡಿಗೆ ನಡೆದು, ಕಾಶಕ್ಕ ಕಳಿಸ್ಯಾರ ಎಂದು ಹಮಾಲರಿಗೆ ಹಂಚಿ ಬಂದಿದ್ದಳು.

"ಒಂದ ಕಾರ್ಖಾನಿ ನಂಬಿ ಹೆಂಗ ಕೂಡೂದ್ರಿ? ಹಳೇ ಗಿರಾಕಿಗಳ ಬಳಕಿ ತಪ್ಪಬಾರ್ದು ಅಂತ ಕೊಟ್ಟೆ. ಹಿಂಜವಡಿ ಭಾಳ ದೂರ, ನಡ್ಯಾಕ ಆಗಲಿಲ್ಲ. ಆ ಹುಡುಗಿಗಿ ನೀವ ಫೋನ್ ಹಚ್ರಿ."

"ಮತ್ತ ನಿನ್ನ ಮನ್ಯಾಗ ಏನು ಉಂಡ್ರಿ?"

"ರೇಶನ್ ಅಕ್ಕಿ ಇತ್ತಲ್ರಿ."

ರೊಟ್ಟಿಯಿಲ್ಲದೆ ಉಂಡರೆ ಉಂಡಂತೆಯೇ ಅಲ್ಲ ಎನ್ನುವ ಸೀಮೆಯವಳು, ದಿನಕ್ಕೆ ನೂರಾರು ರೊಟ್ಟಿ ಬಡಿದು, ಮಕ್ಕಳೊಂದಿಗೆ ಅನ್ನ ಉಂಡು ಮಲಗಿದ್ದಳು. ತಾನು ಆಡಲು ಹೊರಟ ಮಾತು ನೆನೆದು ಕಾಶವ್ವನಿಗೆ ನಾಚಿಕೆಯಾಯಿತು. ಹಂಚಿನ ಮೇಲೆ ಉಬ್ಬಿದ್ದ ರೊಟ್ಟಿ ತೆಗೆದು, ಬೆಣ್ಣೆ ಸವರಿ, ಸಾಬವ್ವನ ಕೈಗಿಟ್ಟಳು.

"ಇದನ್ನ ಯಾರಿಗೂ ಒಯ್ಯಬ್ಯಾಡ. ಇಲ್ಲೇ, ನನ್ನ ಕಣ್ಣ ಮುಂದ ಕುಂತು ತಿನ್ನು."