ಹನ್ನೆರಡನೇ ನಂಬರಿನ ಇಟ್ಟಿಗೆ ಗೋಡೆ

ಇಂಗ್ಲೆಂಡಿನ ಡರ್ಬಿ ಊರಿನ ನಮ್ಮ ಬೀದಿಯಲ್ಲಿರುವುದೆಲ್ಲ ವಿಕ್ಟೋರಿಯಾ ರಾಣಿಯ ಕಾಲದ ಜೋಡಿಮನೆಗಳು. ಎರಡು ಮನೆಗೂ ಸೇರಿ ಒಂದೇ ನಡುಗೋಡೆ, ಒಂದೇ ಹೊಗೆಗೂಡು. ಇಂಥ ಮನೆಗಳ ಇಟ್ಟಿಗೆ ಸಂದುಗಳಿಗೆ ಸುಣ್ಣದ ಗಾರೆ ತುಂಬುವುದರಲ್ಲಿ ನಾರ್ಮನ್ ಹ್ಯಾಲಮ್‌ನನ್ನು ಮೀರಿಸುವವರಿರಲಿಲ್ಲ. ಎಪ್ಪತ್ತರ ಹತ್ತಿರ ಬಂದರೂ ಸಾರುವೆ ಹತ್ತಿ ನಿಲ್ಲುತ್ತಿದ್ದ. ಆದರೆ ಹನ್ನೆರಡನೇ ನಂಬರಿನ ಮನೆಯಿಂದ ಕರೆ ಬಂದ ದಿನ ಅವನಿಗೆ ಊಟ ಸೇರಲಿಲ್ಲ.

ಆ ಮನೆಯನ್ನು ಹೊಸದಾಗಿ ಕೊಂಡವಳು ಇಮೊಜೆನ್ ಎಂಬ ಶಾಲಾ ಟೀಚರು. ಮುಂಗೋಡೆ ತೋರಿಸಿ ಅಂದಳು: "ಒಳಗೆಲ್ಲ ತೇವ ಕಣ್ರೀ. ಯಾವನೋ ಪುಣ್ಯಾತ್ಮ ಸಂದಿಗೆಲ್ಲ ಸಿಮೆಂಟು ಮೆತ್ತಿ ಹೋಗಿದಾನೆ. ನೀರು ಹೊರಗೆ ಹೋಗೋಕೆ ದಾರಿನೇ ಇಲ್ಲ. ಕೈ ಇಟ್ರೆ ಇಟ್ಟಿಗೆ ಪುಡಿ ಉದುರುತ್ತೆ."

"ಹೂಂ," ಅಂದ ನಾರ್ಮನ್. ಆ ಪುಣ್ಯಾತ್ಮ ಅವನೇ. ಸಿಮೆಂಟೇ ಗಟ್ಟಿ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಇಪ್ಪತ್ತೈದರ ಹುರುಪಿನಲ್ಲಿ ಮಾಡಿದ ಕೆಲಸ ಅದು.

ಅದೇ ಜೋಡಿಯ ಪಕ್ಕದ ಮನೆಯಲ್ಲಿ ಬೆರಿಲ್ ಸ್ಟಬ್ಸ್ ಇದ್ದಳು. ಆಗ ಸಿಮೆಂಟು ಬೇಡವೆಂದು ಅವನನ್ನು ವಾಪಸು ಕಳಿಸಿದ್ದವಳು. ಅವಳ ಭಾಗದ ಇಟ್ಟಿಗೆಗಳು ಈಗಲೂ ಕೆಂಪಗೆ ನೆಟ್ಟಗಿದ್ದವು. ದಿನಾ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತು ಅವಳು ನೋಡುವಳು. ನಾರ್ಮನ್ ಮುಖ ತಿರುಗಿಸಿಕೊಂಡೇ, ಎಡಗೈಯಲ್ಲಿ ಸುತ್ತಿಗೆ ಹಿಡಿದು ಉಳಿ ಹೊಡೆಯುತ್ತಿದ್ದ.

ಸಿಮೆಂಟು ಸುಮ್ಮನೆ ಬಿಟ್ಟು ಬರಲಿಲ್ಲ. ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಂತು. ಮುಖ ಹೋದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ, ಹಿಂಬದಿ ಮುಂದಾಗುವಂತೆ ತಿರುಗಿಸಿ, ಸುಣ್ಣದ ಗಾರೆ ತುಂಬಿ ಕೂರಿಸಿದ. ಹಾಗೆ ಆರು ವಾರ ಹಿಡಿಯಿತು. ಕೊನೆಯ ಸಾಲು ಮುಗಿಸುವಷ್ಟರಲ್ಲಿ ಅಕ್ಟೋಬರ್ ತೀರುತ್ತಿತ್ತು. ಅಂದೇ ರೇಡಿಯೋದಲ್ಲಿ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಎಂಬ ಸುದ್ದಿ. ಹಸಿ ಗಾರೆ ಹೆಪ್ಪುಗಟ್ಟಿದರೆ ಪುಡಿಯಾಗುತ್ತದೆ. ಸಂಜೆ ಗೋಡೆಗೆ ಗೋಣಿತಾಟು ಹೊದಿಸಿ ಕಟ್ಟಿದ, ಮತ್ತೆ ಬಂದು ಗಂಟುಗಳನ್ನು ನೋಡಿ ಹೋದ.

ಬೆಳಗಾಗುತ್ತಲೇ ಓಡಿ ಬಂದ. ಗಾಳಿಗೆ ಗೋಣಿ ಕೆಳಗಡೆಯೂ ಮೇಲಿನ ಮೂಲೆಯಲ್ಲೂ ಕಿತ್ತುಹೋಗಿತ್ತು. ಕೆಳಗೆ ಎರಡು ಕಂಬಳಿ ನೇತುಹಾಕಿ ಬೆರಿಲ್ ನಿಂತಿದ್ದಳು.

"ಕೈಗೆಟುಕಿದಷ್ಟು ಮುಚ್ಚಿದೀನಪ್ಪ. ಮೇಲಿನ ಮೂಲೆ ನನ್ನಿಂದಾಗಲಿಲ್ಲ."

"ನೀವ್ಯಾಕೆ, ಮಿಸೆಸ್ ಸ್ಟಬ್ಸ್, ಈ ಚಳೀಲಿ..."

"ಆ ಎಡಗೈ ನಾನು ಮರೀತೀನಾ? ಮೊದಲ ದಿನಾನೇ ಗುರುತು ಸಿಕ್ತು ಕಣೋ. ಆ ಹುಡುಗಿಗೆ ಹೇಳಿದ್ಯಾ?"

ಅವನು ಕಂಬಳಿಯ ಅಂಚು ಸರಿಪಡಿಸತೊಡಗಿದ.

"ಹೇಳಿಬಿಡು ಹೋಗು. ನಾನು ಹೇಳೋದಿಲ್ಲ."

ಬಾಗಿಲು ತಟ್ಟಿ ಟೋಪಿ ತೆಗೆದು, ಆ ಸಿಮೆಂಟು ಮೆತ್ತಿದವನು ತಾನೇ ಎಂದು ಹೇಳಿದ. ಇಮೊಜೆನ್‌ಳ ಮುಖ ಬಿಗಿಯಿತು. "ಮೊದಲೇ ಹೇಳಿದ್ರೆ ನಿಮಗೆ ಈ ಕೆಲಸ ಕೊಡ್ತಾನೇ ಇರ್ಲಿಲ್ಲ."

"ಗೊತ್ತು. ಅದಕ್ಕೇ ಹೇಳಲಿಲ್ಲ."

ಅವಳು ಹೊರಗೆ ಬಂದು ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ನಾರ್ಮನ್ ಸಾರುವೆ ಹತ್ತಿ ಬೆರಳು ತಾಗಿಸಿದರೆ, ಹೆಪ್ಪುಗಟ್ಟಿ ಕೆಟ್ಟ ಮೇಲಿನ ಮೂಲೆಯ ಗಾರೆ ಉದುರುತ್ತಿತ್ತು. "ಇದನ್ನ ಯಾರು ಸರಿ ಮಾಡ್ತಾರೆ?" ಎಂದು ಕೇಳಿದಳು.

"ಚಳಿ ಕಳೀಲಿ, ಮಾರ್ಚಿಗೆ ಬರ್ತೀನಿ," ಅಂದ ನಾರ್ಮನ್.

ಬಂದು ಮಾಡಿಕೊಟ್ಟ. ಮುಂದಿನ ಚಳಿಗಾಲಕ್ಕೆ ಒಳಗೋಡೆ ಒಣಗಿತು, ಕಿಟಕಿಯ ಕೆಳಗೊಂದು ಅಂಗೈಯಗಲದ ಜಾಗ ಬಿಟ್ಟು. ಆ ದಾರಿಯಲ್ಲಿ ಹೋದಾಗಲೆಲ್ಲ ಅವನು ಬಾಗಿಲು ತಟ್ಟಿ ಒಳಬಂದು, ಒಣಗಿತೇ ಎಂದು ಅದನ್ನು ಮುಟ್ಟಿ ನೋಡಿ ಹೋಗುತ್ತಾನೆ.