ಮಂಗಳವಾರ ಸರಿಯಾದ ಲ್ಯಾಪ್‌ಟಾಪ್

ಗೋವಾದ ವಾಸ್ಕೋ ಬಸ್ ನಿಲ್ದಾಣದ ಹಿಂದೆ ಥಾವರಪ್ಪನ ಅಂಗಡಿ. ಅಂಗಡಿ ಅಂದರೆ ಏನು ಮಹಾ, ಒಂದು ಮೇಜು, ಎರಡು ಕುರ್ಚಿ, ಬಿಚ್ಚಿ ಹಾಕಿದ ಲ್ಯಾಪ್‌ಟಾಪುಗಳ ರಾಶಿ. ವಿಜಯಪುರದ ಕಡೆಯ ತಾಂಡಾದಿಂದ ಇಪ್ಪತ್ತರ ಹರೆಯದಲ್ಲಿ ಬಂದರಿನ ಕೂಲಿಗೆ ಬಂದವನು. ಅಲ್ಲಿನ ವರ್ಕ್‌ಶಾಪಿನಲ್ಲಿ ವೈರಿನ ಕೆಲಸ ಕಲಿತ, ರೇಡಿಯೊ, ಟಿ.ವಿ. ದಾಟಿ ಲ್ಯಾಪ್‌ಟಾಪಿಗೆ ಬಂದು ನಿಂತ. ಈಗ ಐವತ್ತೆಂಟು. ಮಕ್ಕಳಾಗಲಿಲ್ಲ. ಹೆಂಡತಿ ಭೂರಿಬಾಯಿ ತೀರಿಕೊಂಡು ಮೂರು ವರ್ಷ. ಗಿರಾಕಿಗಳ ಜತೆ ಹಿಂದಿ, ಚಹಾದವನ ಜತೆ ಕೊಂಕಣಿ, ಪಕ್ಕದ ಅಂಗಡಿಯವರ ಜತೆ ಕನ್ನಡ. ಲಮಾಣಿಗರ ಮನೆಮಾತಾದ ಗೋರಬೋಲಿ ಆಡಲು ಮಾತ್ರ ಯಾರೂ ಉಳಿದಿರಲಿಲ್ಲ. ಸಂಜೆ ಬೀಗ ತೆಗೆದರೆ ಮನೆ ತಿನ್ನಲು ಬರುತ್ತಿತ್ತು, ಸುಳ್ಳೇಕೆ ಹೇಳಬೇಕು.

ಫೆಬ್ರವರಿಯ ಒಂದು ಭಾನುವಾರ ಪೂಜಾ ಬಂದಳು. ಕಲಂಗುಟ್‌ನ ಹೋಟೆಲೊಂದರಲ್ಲಿ ರಿಸೆಪ್ಶನ್ ಕೆಲಸದ ಹುಡುಗಿ. ಜತೆಗೆ ಅವಳಜ್ಜಿ ಮಂಗಿಬಾಯಿ, ನಲವತ್ತು ವರ್ಷ ಬೀಚಿನಲ್ಲಿ ಕಸೂತಿ ಚೀಲ, ಮಣಿಸರ ಮಾರಿದವಳು.

“ಕಾಕಾ, ಇದು ನಡುವಿನ್ಯಾಗ ಹ್ಯಾಂಗ್ ಆಗತೈತ್ರಿ. ಬಟನ್ ಒತ್ತಿ ಹಿಡಿದು ಬಂದ್ ಮಾಡಿದ್ರ ರೆಕಾರ್ಡ್ ಆಗಿದ್ದೆಲ್ಲಾ ಹೋಗತೈತ್ರಿ,” ಅಂದಳು ಪೂಜಾ.

ಅವಳು ರೆಕಾರ್ಡ್ ಮಾಡುತ್ತಿದ್ದುದು ಅಜ್ಜಿಯ ಢಾವಲೋ. ಲಮಾಣಿಗರ ಮದುಮಗಳು ತವರು ಬಿಡುವಾಗ ಅಪ್ಪ, ಅಣ್ಣ, ಅತ್ತಿಗೆ ಹೀಗೆ ಒಬ್ಬೊಬ್ಬರ ಕೊರಳು ತಬ್ಬಿ ಅಳುತ್ತ ಹಾಡುವ ಹಾಡು ಅದು. ಮದುವೆಗೆ ಮೊದಲೇ ಹಿರಿಯ ಹೆಂಗಸರು ಕಲಿಸಬೇಕು. ಪೂಜಾಳ ಮದುವೆ ಮೇ ತಿಂಗಳಲ್ಲಿ. ಕಲಿಸಲು ಇರುವವಳು ಮಂಗಿಬಾಯಿ ಒಬ್ಬಳೇ, ಅವಳಿಗೋ ಮರೆವು ಹತ್ತಿತ್ತು.

“ಹ್ವಾದ ತಿಂಗಳ ಒಂಬತ್ತ ನುಡಿ ಹಾಡಿದ್ಲರಿ. ಈಗ ಏಳಕ್ಕ ಬಂದೈತಿ. ಫೋನಿನ್ಯಾಗ ಹಿಡದ್ರ ಆಕಿ ಸಣ್ಣ ದನಿ ತಿಳಿಯೂದಿಲ್ಲ, ಅದಕ್ಕ ಮೈಕ್ ತಂದೇನಿ. ಪೂರಾ ಹೋಗೂದ್ರಾಗ ಹಿಡದಿಡಬೇಕ್ರಿ.”

ಥಾವರಪ್ಪನದೊಂದು ಹಳೆಯ ಚಾಳಿ. ವರ್ಕ್‌ಶಾಪಿನಲ್ಲಿ ಒಮ್ಮೆ ಕಣ್ಣೆದುರೇ ಬ್ಯಾಟರಿ ಸಿಡಿದಿತ್ತು. ಅಂದಿನಿಂದ ಯಾವ ಯಂತ್ರ ಬಂದರೂ ಮೊದಲು ಬ್ಯಾಟರಿ ಕಳಚಿ ಆಚೆ ಇಡುವುದು, ಆಮೇಲೆ ನೇರ ಕರೆಂಟಿನ ಮೇಲೆ ಪರೀಕ್ಷೆ. ಇದಕ್ಕೂ ಹಾಗೇ ಮಾಡಿದ. ಫ್ಯಾನಿನ ಧೂಳು ತೆಗೆದ, ಮೆಮೊರಿ ಬದಲಿಸಿ ನೋಡಿದ, ಮೂರು ದಿನ ಹಾಡು ಹಚ್ಚಿಟ್ಟ. ಒಮ್ಮೆಯೂ ನಿಲ್ಲಲಿಲ್ಲ. “ಏನೂ ಇಲ್ಲವಾ, ಒಯ್ಯಿ,” ಎಂದು ಕೊಟ್ಟು ಕಳಿಸಿದ.

ಮುಂದಿನ ಭಾನುವಾರ ಅದೇ ಲ್ಯಾಪ್‌ಟಾಪು, ಅದೇ ದೂರು. ನುಡಿಗಳು ಆರಕ್ಕೆ ಇಳಿದಿದ್ದವು. ಪೂಜಾ ನೀರಿನ ಬಾಟಲಿ ತರಲು ಹೋದಾಗ ಮಂಗಿಬಾಯಿ ಅವನನ್ನು ಗೋರಬೋಲಿಯಲ್ಲಿ ಕೇಳಿದಳು, ನಿನ್ನ ತಾಂಡಾ ಯಾವುದು, ಯಾರ ಮಗ ನೀನು, ಯಾವ ಪೈಕಿ. ರಾಠೋಡರವನು ಎಂದ. ತಾನೂ ರಾಠೋಡರ ಮಗಳೆಂದೂ, ಹಾಗಾದರೆ ನೀನು ನನ್ನಣ್ಣನ ಮಗನೆಂದೂ ಅವಳು ಅಲ್ಲೇ ತೀರ್ಮಾನ ಕೊಟ್ಟುಬಿಟ್ಟಳು. ಮೂರು ವರ್ಷದ ಮೇಲೆ ಸ್ವಂತ ಮಾತಿನಲ್ಲಿ ಯಾರೋ ಅವನನ್ನು ನಮ್ಮವನು ಅಂದಿದ್ದರು. ಆ ಖುಷಿಯಲ್ಲಿ ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದ.

ಮಂಗಳವಾರ ಗುಟ್ಟು ಬಯಲಾಯಿತು. ಇನ್ನೊಬ್ಬರ ಯಂತ್ರಕ್ಕೆ ಚಾರ್ಜರ್ ಬೇಕಾಗಿ ಇದರದ್ದನ್ನೇ ಕಿತ್ತುಕೊಂಡ. ಕಳಚಿದ್ದ ಬ್ಯಾಟರಿಯನ್ನು ಹಾಕಿಟ್ಟು ಚಹಾಕ್ಕೆ ಹೋದ. ಬಂದು ನೋಡಿದರೆ ಪರದೆ ಕಲ್ಲಾಗಿದೆ, ಮೌಸ್ ಅಲ್ಲಾಡದು. ಅಯ್ಯೋ ನನ್ನ ಬುದ್ಧಿಗಿಷ್ಟು ಎಂದುಕೊಂಡ. ಚಾರ್ಜರ್ ಹಾಕಿದರೆ ರೆಕಾರ್ಡಿನಲ್ಲಿ ಗುಂಯ್ ಎನ್ನುತ್ತದೆಂದು ಪೂಜಾ ಅದನ್ನು ಕಿತ್ತಿಟ್ಟು ಹಾಡಿಸುತ್ತಿದ್ದಳು, ಮಾತಿನ ನಡುವೆ ಹೇಳಿಯೂ ಇದ್ದಳು. ಹಾಡುವಷ್ಟು ಹೊತ್ತೂ ಯಾರೂ ಯಂತ್ರ ಮುಟ್ಟುತ್ತಿರಲಿಲ್ಲ. ಬ್ಯಾಟರಿ ಉಳಿಸುವ ಡ್ರೈವರ್ ಎಂಬ ಸಣ್ಣ ತಂತ್ರಾಂಶವೊಂದು ಒಳಗಿರುತ್ತದೆ. ಹಿಂದಿನ ಅಪ್‌ಡೇಟಿನಲ್ಲಿ ಬಂದ ಹೊಸ ಡ್ರೈವರು, ಬ್ಯಾಟರಿಯ ಮೇಲೆ ಓಡುವಾಗ ಐದಾರು ನಿಮಿಷ ಯಾರೂ ಮುಟ್ಟದಿದ್ದರೆ ಯಂತ್ರದ ಭಾಗಗಳನ್ನು ಮಲಗಿಸುತ್ತಿತ್ತು, ಎಬ್ಬಿಸುವುದು ಅದಕ್ಕೆ ಬರುತ್ತಿರಲಿಲ್ಲ. ಥಾವರಪ್ಪ ಅದನ್ನು ತೆಗೆದು ಹಳೆಯದನ್ನು ಕೂರಿಸಿದ. ಹತ್ತು ನಿಮಿಷದ ಕೆಲಸ. ಬ್ಯಾಟರಿಯ ಮೇಲೆ ಎರಡು ತಾಸು ಮುಟ್ಟದೆ ಬಿಟ್ಟ; ನಿಲ್ಲಲಿಲ್ಲ.

ಸಂಜೆ ಪೂಜಾಳ ಫೋನು ಬಂತು. “ಆತೇನ್ರಿ ಕಾಕಾ? ಆಗಿದ್ರ ನಾಳೆ ನಾ ಒಬ್ಬಾಕಿನ ಬಂದು ಒಯ್ತೇನಿ. ಅಜ್ಜೀನ ಎಳಕೊಂಡ ತಿರುಗೂದು ಬ್ಯಾಡ.”

ಹ್ಞೂಂ ಅನ್ನಲು ಬಾಯಿ ತೆರೆದವನು ಹೇಳಿದ್ದೇ ಬೇರೆ. “ಇನ್ನೂ ಆಗಿಲ್ಲವಾ. ಭಾನುವಾರ ಅತ್ತೀನ ಕರಕೊಂಡ ಬಾ. ಇಲ್ಲೇ ಹಾಡಿಸಿ ನೋಡೂಣು.”

ಐದು ದಿನದಲ್ಲಿ ಏನು ಗಂಟು ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಭಾನುವಾರ ಗಡ್ಡ ಬೋಳಿಸಿ, ಕುರ್ಚಿ ಒರೆಸಿ, ಮಿರ್ಚಿ ಭಜಿ ತಂದಿಟ್ಟು ಕಾದ. ಬಂದರು. ಶಟರ್ ಅರ್ಧ ಇಳಿಸಿದ. ಪೂಜಾ ಚಾರ್ಜರ್ ಕಿತ್ತಳು, ಮೈಕ್ ಹಿಡಿದಳು. ತಬ್ಬಲು ಕೊರಳಿಲ್ಲದೆ ಢಾವಲೋ ಕಳೆಗಟ್ಟುವುದಿಲ್ಲ. ಮಂಗಿಬಾಯಿ ಥಾವರಪ್ಪನ ಕೊರಳನ್ನೇ ತಬ್ಬಿದಳು. ಅಪ್ಪನ ನುಡಿ ಬಂತು, ಅವ್ವನ ನುಡಿ ಬಂತು. ಮೈಕಿಗೆ ಕೇಳಿಸಬಾರದೆಂದು ಅವನು ಹಲ್ಲು ಕಚ್ಚಿ ಅತ್ತ. ಭೂರಿಬಾಯಿ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಮೂರನೆಯದು ಅತ್ತಿಗೆಯ ನುಡಿ. ಅದು ಮುಗಿದದ್ದೇ ಮುದುಕಿ ಸುಮ್ಮನಾದಳು.

“ಮುಂದ ಏನಿತ್ತು?” ಎಂದು ಮೊಮ್ಮಗಳನ್ನು ಕೇಳಿದಳು.

ಕಾದರು. ನೀರು ಕುಡಿಸಿದರು. ಪೂಜಾ ಮೊದಲ ಶಬ್ದ ಎತ್ತಿಕೊಟ್ಟಳು. ಮಂಗಿಬಾಯಿ ಅದನ್ನು ಹೊಸದಾಗಿ ಕೇಳಿದವಳಂತೆ ತಲೆಯಾಡಿಸಿದಳು. ಪರದೆಯ ಮೇಲೆ ನಿಮಿಷಗಳು ಒಂದೂ ತಪ್ಪದೆ ಓಡುತ್ತಿದ್ದವು.

“ಗುರುವಾರ ಭಾಂಡೆ ತಿಕ್ಕೋತ ಅಣ್ಣನ ನುಡಿ ಪೂರಾ ಹಾಡಿದ್ಲರಿ,” ಅಂದಳು ಪೂಜಾ. “ಆವಾಗ ಲ್ಯಾಪ್‌ಟಾಪ್ ನನ್ನ ಹತ್ರ ಇರಲಿಲ್ಲ.” ಆಮೇಲೆ ಕಣ್ಣೊರೆಸಿಕೊಂಡು, ಅವನ ಮನಸ್ಸಿಗೆ ನೋವಾಗಬಾರದೆಂದು, “ನೀವು ರಿಪೇರಿ ಭಾಳ ಚಲೋ ಮಾಡೀರಿ ಕಾಕಾ. ಯಾವಾಗ ಸರಿ ಆತ್ರಿ?” ಎಂದಳು.

ಇವತ್ತು ಮುಂಜಾನೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ಬಾಯಿಗೆ ಬರಲಿಲ್ಲ.

“ಮಂಗಳವಾರ.”

“ಮಂಗಳವಾರ ನಾ ಫೋನ್ ಮಾಡಿದ್ನಲ್ಲರಿ.”

“ಹೌದವಾ. ಅದಕ್ಕೂ ಮೊದಲ ಆಗಿತ್ತು. ಒಯ್ದಬಿಟ್ರ ನೀವು ಮತ್ತ ಬರತಿದ್ದಿಲ್ಲ.”

ಪೂಜಾ ಅವನನ್ನೇ ಒಂದು ಗಳಿಗೆ ನೋಡಿದಳು. ಮೈಕ್ ಸುತ್ತಿ ಚೀಲಕ್ಕೆ ಹಾಕಿದಳು, ಲ್ಯಾಪ್‌ಟಾಪ್ ಮುಚ್ಚಿದಳು. ಮಂಗಿಬಾಯಿ ಮಾತ್ರ ಥಾವರಪ್ಪನ ಕೈ ಹಿಡಿದುಕೊಂಡೇ ಕೂತಿದ್ದಳು.

“ಬರೂ ಭಾನುವಾರ ಬರತೇವಪಾ. ಉಳದದ್ದು ಆವಾಗ ಹಾಡತೇನಿ,” ಅಂದಳು.

ಪೂಜಾ ಬಗ್ಗಿ, ಅಜ್ಜಿಯ ಬೆರಳುಗಳನ್ನು ಅವನ ಕೈಯಿಂದ ಒಂದೊಂದಾಗಿ ಬಿಡಿಸಿಕೊಂಡಳು.