ಗಾಣದ ಶೆಡ್ಡಿಗೆ ಎಷ್ಟು ದಪ್ಪದ ವೈರು

ತೋಟದ ಆ ತುದಿಯ ಶೆಡ್ಡಿನಲ್ಲಿ ಹೆಂಡತಿ ಕೊಬ್ಬರಿ ಎಣ್ಣೆಯ ಸಣ್ಣ ಗಾಣ ಇಟ್ಟಳು. ಅಟ್ಟದಿಂದ ಇಳಿಸಿದ ಕೊಬ್ಬರಿಯಲ್ಲಿ ಒಡಕು ಬಂದದ್ದನ್ನೆಲ್ಲ ಎಣ್ಣೆಗೆಂದು ಎತ್ತಿಟ್ಟಿದ್ದಳು. ಮನೆ ವೈರಿಂಗಿನಲ್ಲಿ ಮಿಕ್ಕಿದ್ದ ವೈರನ್ನೇ ಅಲ್ಲಿಯವರೆಗೆ ಎಳೆದು ಸ್ವಿಚ್ ಹಾಕಿದರೆ, ಮೋಟಾರು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ.

'ಇನ್ನೊಂದ್ಸಲ ಹಿಂಗಾದ್ರೆ ಮಿಷಿನ್ನು ವಾಪಸ್ ಕಳಿಸ್ಬುಡ್ತೀನಿ ಕಣ್ರೀ,' ಎಂದಳು. ದನಿ ಸಣ್ಣಗಾಗಿತ್ತು.

ಉದ್ದ ಹೆಚ್ಚಿದಷ್ಟೂ ವೈರಿನಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ, ಅದಕ್ಕೆ ದಪ್ಪ ವೈರು ಬೇಕು. ಎಷ್ಟು ದಪ್ಪ ಎಂಬ ಲೆಕ್ಕ ನಾನು ವಹಿಸಿಕೊಂಡೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸಾಗುವವನಿಗೆ ಇಂಥ ಕೆಲಸ ಕೊಡಬಾರದು.

ನಮ್ಮ ಕಡೆ ತೋಟದ ದೂರಕ್ಕೆ ಯಾರೂ ಟೇಪು ಹಿಡಿಯುವುದಿಲ್ಲ. ತೆಂಗಿನ ಮರ ಎಣಿಸಿದರಾಯಿತು, ಮರದಿಂದ ಮರಕ್ಕೆ ಮೂವತ್ತಡಿ. ಮನೆ ಕಡೆಯಿಂದ ಎಣಿಸಿದೆ. ಅನುಮಾನ ಬಂದು ಶೆಡ್ಡಿನ ಕಡೆಯಿಂದಲೂ ಎಣಿಸಿದೆ. ಒಂದೇ ಲೆಕ್ಕ ಬಂದು, ಅಪರೂಪಕ್ಕೆ ನಿಶ್ಚಿಂತನಾದೆ.

ಆ ದೂರಕ್ಕೆ ಲೆಕ್ಕ ಹಾಕಿ ತುರುವೇಕೆರೆಯ ಅಂಗಡಿಯಲ್ಲಿ ಹತ್ತು ಎಂಎಂ ವೈರು ಕೇಳಿದ್ದೇ ತಡ, ಅಂಗಡಿಯವನು ಕನ್ನಡಕ ತೆಗೆದ.

'ತೋಟಕ್ಕೋ ತಾಲ್ಲೂಕಿಗೋ ಸಾರ್?'

'ಗಾಣದ ಮೋಟ್ರಿಗೆ, ಎರಡು ಎಚ್‌ಪಿ. ದೂರ ಐತೆ ಕಣಪ್ಪ.'

'ಎರಡು ಎಚ್‌ಪಿ ಮೋಟ್ರಿಗೆ ಹತ್ತು ಬೇಕು ಅಂದ್ರೆ ನಿಮ್ ಶೆಡ್ಡು ಪಕ್ಕದೂರಲ್ಲಿರ್ಬೇಕು. ಇನ್ನೊಂದ್ಸಲ ಅಳೆದು ಬನ್ನಿ.'

ಬರಿಗೈಯಲ್ಲಿ ಬಂದು, ಹೆಂಡತಿಯ ಎದುರೇ ಒಂದೊಂದು ಮರವನ್ನೂ ಮುಟ್ಟಿ ಎಣಿಸತೊಡಗಿದೆ. ಎರಡನೆಯದಕ್ಕೇ ತಡೆದಳು.

'ಅದನ್ಯಾಕ್ರೀ ಎಣಿಸ್ತೀರಾ?'

'ಮರ ಅಲ್ವೇನೇ?'

'ಸಸಿ ಕಣ್ರೀ ಅದು! ಹಳೇ ಮರ ಹೋದ್ರೆ ಇರ್ಲಿ ಅಂತ ಎರಡೆರಡು ಮರದ ಮಧ್ಯಕ್ಕೆ ನಾವೇ ಹಾಕಿದ್ವಲ್ಲ. ನಿಂತ ನಿಲುವಲ್ಲೇ ತೋಟಾನ ಎರಡರಷ್ಟು ಮಾಡ್ಬುಟ್ರಲ್ಲ!'

ಮೋಟಾರು ಕೈಕೊಟ್ಟಮೇಲೆ ಅವಳು ನಕ್ಕಿದ್ದು ಆಗಲೇ. ತಲೆ ಮೀರಿ ಬೆಳೆದಿದ್ದ ಸಸಿಗಳನ್ನೆಲ್ಲ ನಾನು ಮರದ ಲೆಕ್ಕಕ್ಕೆ ಸೇರಿಸಿದ್ದೆ. ದೂರ ಅರ್ಧವಾಯಿತು, ನಾಲ್ಕು ಎಂಎಂ ಸಾಕೆಂದಾಯಿತು. ಆದರೆ ನನ್ನ ಹೆದರಿಕೆ ಅರ್ಧವಾಗಲಿಲ್ಲ.

'ಹೊರಡೋವಾಗ ಮೋಟ್ರು ಜಾಸ್ತಿ ಕರೆಂಟು ಎಳೀತೈತಲ್ಲ, ಆರು ಕೊಟ್ಬುಡಪ್ಪ,' ಎಂದೆ ಅಂಗಡಿಯವನಿಗೆ.

'ಅದು ಸರಿ ಸಾರ್,' ಎಂದ. ನನ್ನ ಭಯಕ್ಕೂ ಒಮ್ಮೆ ಮರ್ಯಾದೆ ಸಿಕ್ಕಿತು.

ಹೊಸ ವೈರು ಎಳೆಸಿದ ಮೇಲೆ ಸ್ವಿಚ್ ಹಾಕಿದವಳು ಅವಳೇ. ನಾನು ಓಡುವುದಕ್ಕೆ ಅನುಕೂಲವಾಗಲೆಂದು ಬಾಗಿಲಲ್ಲಿ ನಿಂತಿದ್ದೆ. ಮೋಟಾರು ಒಂದು ಕ್ಷಣ ಯೋಚಿಸಿದಂತೆ ಮಾಡಿ, ಹೊರಟಿತು. ಗಾಣ ತಿರುಗಿತು. ಬಿಸಿಯಾಗಿರಬಹುದೆಂದು ವೈರು ಮುಟ್ಟಿ ನೋಡಿದೆ; ತಣ್ಣಗಿತ್ತು.

ಅಷ್ಟರಲ್ಲಿ ಎಣ್ಣೆ ಇಳಿಯತೊಡಗಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ಮೊರ ಕೊಬ್ಬರಿ ಸುರಿದಳು.